ಒಣಗದ ಟರ್ಕಿ ಮೀಟ್‌ಬಾಲ್, ಜೊತೆಗೆ ಸಿಹಿಗುಂಬಳ-ಸೇಜ್ ಸಾಸ್: ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಮಾಡಿದ ಟರ್ಕಿ ಕೋಳಿಯ ಮೀಟ್‌ಬಾಲ್ (ಮಾಂಸದ ಉಂಡೆ) ಕೈಜಾರಿ ನೆಲಕ್ಕೆ ಬಿದ್ದಿದ್ದರೆ ಪುಟಿದು ವಾಪಸ್ ಕೈಗೇ ಬರುತ್ತಿತ್ತೇನೋ. ಅಷ್ಟು ಗಟ್ಟಿ. ಆರೋಗ್ಯಕ್ಕೆ ಒಳ್ಳೆಯದು ಅಂತ ಕೊಬ್ಬೇ ಇಲ್ಲದ ಎದೆ ಮಾಂಸದ ಕೀಮಾ ತಂದಿದ್ದೆ. ಅದನ್ನು ಫುಡ್ ಪ್ರೊಸೆಸರ್‌ಗೆ ಹಾಕಿ ಚೆನ್ನಾಗಿ ತಿರುವಿದ್ದೆ. ಒಳಗೆ ಹಸಿ ಉಳಿದೀತು ಅನ್ನುವ ಭಯಕ್ಕೆ ಓವನ್‌ನಲ್ಲಿ ಹತ್ತು ನಿಮಿಷ ಜಾಸ್ತಿ ಬಿಟ್ಟಿದ್ದೆ. ಮೂರೂ ತಪ್ಪು.

ಟರ್ಕಿ ಮಾಂಸದಲ್ಲಿ ಕೊಬ್ಬು ಕಡಿಮೆ. ಅದಕ್ಕೇ ನಾವು ಅದನ್ನು ಆರಿಸುತ್ತೇವೆ, ಅದಕ್ಕೇ ಅದು ಬೇಗ ಒಣಗುತ್ತದೆ. ಬೇರೆ ಮಾಂಸದ ಉಂಡೆಯಲ್ಲಿ ಕೊಬ್ಬು ಕರಗಿ ಮಾಡುವ ಕೆಲಸವನ್ನು ಇಲ್ಲಿ ನೀರಿನಂಶದಿಂದ ಮಾಡಿಸಬೇಕು. ಹಾಲು, ಈರುಳ್ಳಿ, ಓಟ್ಸ್, ಕೊನೆಗೆ ಸಾಸ್, ಎಲ್ಲವೂ ಅದಕ್ಕೇ. ಇಷ್ಟು ತಲೆಯಲ್ಲಿದ್ದರೆ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಅಡುಗೆ ಕೈಕೊಡುವುದಿಲ್ಲ.

ಸಾಸ್ ಎಲೆ ಉದುರುವ ಕಾಲದ್ದು: ಸುಟ್ಟ ಸಿಹಿಗುಂಬಳ, ಸೇಬಿನ ರಸ, ಬೆಣ್ಣೆಯಲ್ಲಿ ಹುರಿದ ಸೇಜ್ ಎಂಬ ಪರಿಮಳದ ಎಲೆ, ಒಂದಿಷ್ಟು ಜಾಯಿಕಾಯಿ. ಕೆನೆ ಹಾಕುವುದಿಲ್ಲ. ಕುಂಬಳವೇ ಕೆನೆಯ ಹಾಗೆ ದಪ್ಪ ಕೊಡುತ್ತದೆ.

ಎಲ್ಲ ಸೇರಿ ಒಂದೂವರೆ ಗಂಟೆ ಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಓವನ್ ಕೆಲಸ ಮಾಡುತ್ತದೆ, ನೀವಲ್ಲ.

ಬೇಕಾಗುವ ಸಾಮಾನು (ನಾಲ್ಕು ಜನಕ್ಕೆ, ಸುಮಾರು 20 ಉಂಡೆ)

ಮೀಟ್‌ಬಾಲ್‌ಗೆ:
- ಟರ್ಕಿ ಕೀಮಾ 500 ಗ್ರಾಂ
- ರೋಲ್ಡ್ ಓಟ್ಸ್ 45 ಗ್ರಾಂ (ಅರ್ಧ ಕಪ್)
- ಹಾಲು 80 ಮಿಲಿ
- ಮೊಟ್ಟೆ 1
- ಸಣ್ಣ ಈರುಳ್ಳಿ 1, ಬೆಳ್ಳುಳ್ಳಿ 2 ಎಸಳು
- ಸೇಜ್ ಎಲೆ 4, ಸಣ್ಣಗೆ ಹೆಚ್ಚಿದ್ದು
- ಒಣ ಥೈಮ್ (ಪರಿಮಳದ ಸೊಪ್ಪು) ಅರ್ಧ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ
- ಪುಡಿ ಉಪ್ಪು 1 ಚಮಚ (6 ಗ್ರಾಂ)
- ಸವರಲು ಸ್ವಲ್ಪ ಎಣ್ಣೆ

ಸಾಸ್‌ಗೆ:
- ಸಿಹಿಗುಂಬಳ ಅಥವಾ ಬಟರ್‌ನಟ್ ಸ್ಕ್ವಾಶ್ 800 ಗ್ರಾಂ (ಸುಟ್ಟ ಮೇಲೆ 350 ಗ್ರಾಂ ತಿರುಳು ಸಾಕು)
- ಬೆಣ್ಣೆ 1 ದೊಡ್ಡ ಚಮಚ, ಆಲಿವ್ ಎಣ್ಣೆ 1 ಚಮಚ
- ಸೇಜ್ ಎಲೆ 10
- ಸಣ್ಣ ಈರುಳ್ಳಿ 1, ಬೆಳ್ಳುಳ್ಳಿ 1 ಎಸಳು
- ಸಿಹಿ ಸೇರಿಸದ ಸೇಬಿನ ರಸ 120 ಮಿಲಿ
- ಉಪ್ಪು ಕಡಿಮೆ ಇರುವ ಚಿಕನ್ ಅಥವಾ ತರಕಾರಿ ಸ್ಟಾಕ್ (ಬೇಯಿಸಿ ಸೋಸಿದ ನೀರು) 250 ಮಿಲಿ
- ಡಿಜಾನ್ ಸಾಸಿವೆ ಪೇಸ್ಟ್ 1 ಚಮಚ
- ಸೇಬಿನ ವಿನಿಗರ್ 2 ಚಮಚ
- ಗಟ್ಟಿ ಮೊಸರು 3 ದೊಡ್ಡ ಚಮಚ
- ಜಾಯಿಕಾಯಿ, ಚಕ್ಕೆ ಪುಡಿ ಚಿಟಿಕೆಯಷ್ಟು

ಚಮಚ ಅಂದರೆ 5 ಮಿಲಿ, ದೊಡ್ಡ ಚಮಚ ಅಂದರೆ 15 ಮಿಲಿ. ಉಪ್ಪನ್ನು ಮಾತ್ರ ಆದಷ್ಟು ತೂಕ ಮಾಡಿಯೇ ಹಾಕಿ. ಹರಳು ಉಪ್ಪು ಒಂದು ಚಮಚದಲ್ಲಿ ಕಡಿಮೆ ತೂಗುತ್ತದೆ, ಪುಡಿ ಉಪ್ಪು ಜಾಸ್ತಿ ತೂಗುತ್ತದೆ. ಉಂಡೆ ಕಟ್ಟಿದ ಮೇಲೆ ತಿದ್ದಲು ಆಗುವುದಿಲ್ಲ.

ಕೀಮಾ ಆರಿಸುವುದು: ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ

ಟರ್ಕಿ ಅಂದ ಮಾತ್ರಕ್ಕೆ ಅದು ಆರೋಗ್ಯಕರ ಅಂತೇನಿಲ್ಲ. ಪೊಟ್ಟಣದ ಮೇಲಿನ ಸಂಖ್ಯೆ ನೋಡಿ. ಕೊಬ್ಬು 15 ಶೇಕಡಾ ಅಂತಿದ್ದರೆ, ಅಷ್ಟೇ ಕೊಬ್ಬಿರುವ ಬೇರೆ ಮಾಂಸದ ಕೀಮಾಗೂ ಅದಕ್ಕೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಚರ್ಮವನ್ನೂ ಸೇರಿಸಿ ಕೊಚ್ಚಿದಾಗ ಹೀಗಾಗುತ್ತದೆ. ಇನ್ನೊಂದು ತುದಿಯಲ್ಲಿ ಕೊಬ್ಬು 1 ಶೇಕಡಾ ಮಾತ್ರ ಇರುವ ಬರೀ ಎದೆ ಮಾಂಸದ ಕೀಮಾ ಇರುತ್ತದೆ. ಅದರಿಂದ ಉಂಡೆ ಮಾಡುವುದು ಮರಳಿನಿಂದ ಎಣ್ಣೆ ತೆಗೆದ ಹಾಗೆ.

ನನ್ನ ಮಟ್ಟಿಗೆ 7 ಶೇಕಡಾ ಕೊಬ್ಬಿರುವುದು ಸರಿಯಾದ ಜಾಗ. ಅದರಲ್ಲಿ ತೊಡೆ ಮಾಂಸವೂ ಸೇರಿದ್ದರೆ ಇನ್ನೂ ಒಳ್ಳೆಯದು. ತೊಡೆ ಮಾಂಸದ ಬಣ್ಣ ಗಾಢ, ರುಚಿ ಜಾಸ್ತಿ, ಬೆಂದ ಮೇಲೂ ತೇವ ಉಳಿಯುತ್ತದೆ. ಎದೆ ಮಾಂಸವೇ ಸಿಕ್ಕಿದರೆ ಹಾಲನ್ನು 100 ಮಿಲಿಗೆ ಏರಿಸಿ, ಒಂದು ಚಮಚ ಆಲಿವ್ ಎಣ್ಣೆ ಸೇರಿಸಿ. ಇಡೀ ಅಡುಗೆಗೆ ಹೋಲಿಸಿದರೆ ಆ ಒಂದು ಚಮಚ ಎಣ್ಣೆ ಏನೇನೂ ಅಲ್ಲ.

ಹಸಿ ಕೀಮಾವನ್ನು ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಫ್ರೀಜರ್‌ನಿಂದ ತೆಗೆದದ್ದಾದರೆ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ ಕರಗಿಸಿ. ಕರಗಿದಾಗ ಪೊಟ್ಟಣದಲ್ಲಿ ನಿಂತ ನೀರನ್ನು ಚೆಲ್ಲಿ, ಇಲ್ಲದಿದ್ದರೆ ಉಂಡೆ ನಿಲ್ಲುವುದಿಲ್ಲ. ನೀರು ಬೇಕು ಅಂತ ಹೇಳಿದ್ದೆ ನಿಜ, ಆದರೆ ಅದು ಓಟ್ಸ್ ಹೀರಿಕೊಂಡ ನೀರಾಗಿರಬೇಕು. ಸುಮ್ನೆ ಹರಿದಾಡುವ ನೀರು ಉಪಯೋಗಕ್ಕೆ ಬರುವುದಿಲ್ಲ.

1. ಮೊದಲು ಕುಂಬಳ ಓವನ್‌ಗೆ

ಓವನ್ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಕುಂಬಳವನ್ನು ಉದ್ದಕ್ಕೆ ಸೀಳಿ ಬೀಜ ತೆಗೆಯಿರಿ. ಬೀಜ ಎಸೆಯಬೇಡಿ, ಕೊನೆಯಲ್ಲಿ ಅದಕ್ಕೆ ಕೆಲಸವಿದೆ. ಕತ್ತರಿಸಿದ ಮುಖಕ್ಕೆ ಎಣ್ಣೆ ಸವರಿ, ಆ ಮುಖ ಕೆಳಗೆ ಬರುವಂತೆ ಟ್ರೇ ಮೇಲೆ ಕವುಚಿ ಇಡಿ. ಸಿಪ್ಪೆ ತೆಗೆಯುವ ಗೋಜಿಲ್ಲ. ಕವುಚಿಟ್ಟರೆ ತಿರುಳು ತನ್ನದೇ ಹಬೆಯಲ್ಲಿ ಬೇಯುತ್ತದೆ, ಟ್ರೇಗೆ ತಾಗಿದ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಸಾಸ್‌ನ ರುಚಿ ಹುಟ್ಟುವುದು ಆ ಕಂದು ಅಂಚಿನಲ್ಲೇ. ನೀರಲ್ಲಿ ಬೇಯಿಸಿದ ಕುಂಬಳದಲ್ಲಿ ಅದು ಸಿಗುವುದಿಲ್ಲ.

40ರಿಂದ 50 ನಿಮಿಷ ಬೇಕಾಗುತ್ತದೆ. ಚಾಕು ಚುಚ್ಚಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. ಆರಿದ ಮೇಲೆ ತಿರುಳನ್ನು ಚಮಚದಿಂದ ಬಾಚಿಕೊಳ್ಳಿ.

ಸಮಯ ಇಲ್ಲದವರು ಡಬ್ಬಿಯಲ್ಲಿ ಬರುವ ಕುಂಬಳದ ಪ್ಯೂರಿ ತರಬಹುದು, ತಪ್ಪೇನಿಲ್ಲ. ಆದರೆ ಅದರ ಪಕ್ಕದಲ್ಲೇ ಹೆಚ್ಚುಕಡಿಮೆ ಅದೇ ರೀತಿಯ ಡಬ್ಬಿಯಲ್ಲಿ ಪೈಗೆ ಹಾಕುವ ಹೂರಣವೂ ಇರುತ್ತದೆ. ಅದರಲ್ಲಿ ಸಕ್ಕರೆ, ಮಸಾಲೆ ಎರಡೂ ಸೇರಿರುತ್ತವೆ. ಒಮ್ಮೆ ಅವಸರದಲ್ಲಿ ಅದನ್ನೇ ತಂದುಬಿಟ್ಟಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗೆ. ಅವತ್ತು ಎಲ್ಲರೂ ಮಾಂಸದ ಉಂಡೆಗಳನ್ನು ಪಾಯಸದಲ್ಲಿ ಅದ್ದಿ ತಿಂದಂತಾಯಿತು.

2. ಓಟ್ಸ್ ನೆನೆಸಿ

ಕುಂಬಳ ಬೇಯುವಾಗ ಈ ಕೆಲಸ. ಓಟ್ಸ್ ಅನ್ನು ಮಿಕ್ಸಿಯಲ್ಲಿ ಎರಡು ಸಲ ಮಾತ್ರ ಗುರ್ ಅನಿಸಿ, ತರಿತರಿಯಾಗಿ ಇರಲಿ. ದೊಡ್ಡ ಬಟ್ಟಲಿಗೆ ಹಾಕಿ, ಮೇಲೆ ಹಾಲು ಸುರಿಯಿರಿ. ಈರುಳ್ಳಿ, ಬೆಳ್ಳುಳ್ಳಿಯನ್ನು ತುರಿಮಣೆಯಲ್ಲಿ ತುರಿದು ಅದರ ರಸದ ಸಮೇತ ಹಾಕಿ. ಹೆಚ್ಚಿ ಹಾಕಿದರೆ ಚೂರುಗಳು ಉಂಡೆಯನ್ನು ಒಡೆಯುತ್ತವೆ, ತುರಿದರೆ ಕರಗಿ ಹೋಗುತ್ತವೆ. ಮೊಟ್ಟೆ ಒಡೆದು ಹಾಕಿ, ಹೆಚ್ಚಿದ ಸೇಜ್, ಥೈಮ್, ಮೆಣಸು, ಉಪ್ಪು ಸೇರಿಸಿ ಕದಡಿ. ಹತ್ತು ನಿಮಿಷ ಬಿಡಿ. ತೆಳ್ಳಗಿದ್ದದ್ದು ಗಟ್ಟಿ ಗಂಜಿಯ ಹಾಗೆ ಆಗುತ್ತದೆ.

ಈ ಗಂಜಿಗೆ ಪಾಶ್ಚಾತ್ಯ ಅಡುಗೆಯಲ್ಲಿ ಪನಾಡ್ ಅನ್ನುತ್ತಾರೆ. ಸಾಮಾನ್ಯವಾಗಿ ಬ್ರೆಡ್ ಮತ್ತು ಹಾಲಿನಲ್ಲಿ ಮಾಡುತ್ತಾರೆ. ಮಾಂಸದ ಪ್ರೊಟೀನ್ ಬಿಸಿ ತಾಗಿದಾಗ ಮುದುಡಿ, ತನ್ನಲ್ಲಿರುವ ನೀರನ್ನು ಹಿಂಡಿ ಹೊರಹಾಕುತ್ತದೆ. ಮಧ್ಯೆ ಮಧ್ಯೆ ಪಿಷ್ಟದ ಈ ಗಂಜಿ ಇದ್ದರೆ ಪ್ರೊಟೀನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಲು ಆಗುವುದಿಲ್ಲ. ಹಿಂಡಿ ಬಂದ ನೀರನ್ನೂ ಗಂಜಿ ಕುಡಿದಿಟ್ಟುಕೊಳ್ಳುತ್ತದೆ. ಬ್ರೆಡ್ ಬದಲು ಓಟ್ಸ್ ಹಾಕಿದರೆ ನಾರಿನಂಶ ಜಾಸ್ತಿ ಸಿಗುತ್ತದೆ. ನನಗೆ ಅದರ ರುಚಿಯೂ ಇಷ್ಟ, ಸ್ವಲ್ಪ ಕಾಯಿಬೀಜದ ಸ್ವಾದ ಬರುತ್ತದೆ.

ಒಣ ಬ್ರೆಡ್ ಪುಡಿಯನ್ನು ನೆನೆಸದೆ ನೇರ ಕೀಮಾಗೆ ಸುರಿಯುವವರಿದ್ದಾರೆ. ಆಗ ಆ ಪುಡಿ ಮಾಂಸದ ನೀರನ್ನೇ ಹೀರುತ್ತದೆ. ಮಾಡಬೇಕಾದ್ದಕ್ಕೆ ಪೂರ್ತಿ ತಿರುವುಮುರುವು, ಅಲ್ವಾ?

3. ಕಲಸುವುದು, ಅಥವಾ ಕೈ ಹಿಂದಕ್ಕೆ ತೆಗೆಯುವುದು

ತಣ್ಣಗಿರುವ ಕೀಮಾವನ್ನು ಚೂರುಚೂರಾಗಿ ಬಿಡಿಸಿ ಗಂಜಿಯ ಮೇಲೆ ಹರಡಿ. ಬೆರಳುಗಳನ್ನು ಅಗಲಿಸಿ, ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ. ನಾದಬೇಡಿ. ಹಿಸುಕಬೇಡಿ. ಬಿಳಿ ಗಂಜಿ ಕಾಣದಂತಾದ ತಕ್ಷಣ ಕೈ ತೆಗೆಯಿರಿ. ಒಂದು ನಿಮಿಷದೊಳಗೆ ಮುಗಿಯುವ ಕೆಲಸ ಇದು.

ಉಪ್ಪು ತಾಗಿದ ಮಾಂಸದಿಂದ ಮಯೋಸಿನ್ ಎಂಬ ಅಂಟು ಪ್ರೊಟೀನ್ ಹೊರಬರುತ್ತದೆ. ಸ್ವಲ್ಪ ಬಂದರೆ ಉಂಡೆ ಹಿಡಿದು ನಿಲ್ಲುತ್ತದೆ. ಕಲಸುತ್ತಲೇ ಹೋದರೆ ಅದು ಜಾಸ್ತಿಯಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಸಾಸೇಜ್‌ಗೆ ಆ ಬಿಗಿತ ಬೇಕು, ನಮಗೆ ಬೇಡ. ನನ್ನ ಮೊದಲ ಸಲದ ರಬ್ಬರ್ ಚೆಂಡುಗಳ ಗುಟ್ಟು ಇದೇ.

ಮಿಶ್ರಣ ಕೈಗೆ ಅಂಟುವಷ್ಟು ಮೆತ್ತಗಿರುತ್ತದೆ. ಹೆದರಿ ಇನ್ನಷ್ಟು ಓಟ್ಸ್ ಸುರಿಯಬೇಡಿ. ಮುಚ್ಚಿ 20 ನಿಮಿಷ ಫ್ರಿಜ್‌ನಲ್ಲಿಡಿ, ತಾನಾಗಿ ಬಿಗಿಯುತ್ತದೆ.

ಹಸಿ ಕೋಳಿ ಜಾತಿಯ ಮಾಂಸವನ್ನು ನಾಲಿಗೆಗೆ ಇಟ್ಟು ಉಪ್ಪು ನೋಡುವ ಹಾಗಿಲ್ಲ. ಅದಕ್ಕೆ ಒಂದು ಚಮಚ ಮಿಶ್ರಣವನ್ನು ತಟ್ಟಿ ಬಾಣಲೆಯಲ್ಲಿ ಪೂರ್ತಿ ಬೇಯಿಸಿ ತಿಂದು ನೋಡಿ. ಎರಡು ನಿಮಿಷದ ಕೆಲಸ. ಉಪ್ಪು, ಖಾರ ಕಡಿಮೆ ಅನಿಸಿದರೆ ಈಗಲೇ ಸೇರಿಸಿ.

4. ಉಂಡೆ ಕಟ್ಟಿ ಬೇಯಿಸಿ

ಕುಂಬಳ ಹೊರಬಂದ ಮೇಲೆ ಓವನ್ ಅನ್ನು 220 ಡಿಗ್ರಿಗೆ ಏರಿಸಿ. ಟ್ರೇಗೆ ಪಾರ್ಚ್‌ಮೆಂಟ್ ಕಾಗದ ಹಾಸಿ ಎಣ್ಣೆ ಸವರಿ. ಕೈ ಒದ್ದೆ ಮಾಡಿಕೊಂಡು, ತಲಾ 35 ಗ್ರಾಂ ತೂಕದ ಉಂಡೆ ಕಟ್ಟಿ. ದೊಡ್ಡ ನಿಂಬೆಹಣ್ಣಿನ ಗಾತ್ರ. ಮೊದಲ ಒಂದೆರಡನ್ನು ತೂಕ ಮಾಡಿದರೆ ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಗಾತ್ರ ಒಂದೇ ಸಮ ಇರುವುದು ಚೆಂದಕ್ಕಲ್ಲ. ಸಣ್ಣದು ಒಣಗಿ ಹೋಗುವಾಗ ದೊಡ್ಡದು ಒಳಗೆ ಹಸಿ ಇರಬಾರದು, ಅದಕ್ಕೆ. ಅಂಗೈಯಲ್ಲಿ ಒತ್ತದೆ, ಹಗುರವಾಗಿ ಉರುಳಿಸಿ. ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮೇಲೆ ತೆಳ್ಳಗೆ ಎಣ್ಣೆ ಸವರಿ.

ಟ್ರೇಯನ್ನು ಓವನ್‌ನ ಮೇಲಿನ ಅರ್ಧದಲ್ಲಿರುವ ಕಂಬಿಗಳ ಮೇಲಿಟ್ಟು 14ರಿಂದ 16 ನಿಮಿಷ. ಹೆಚ್ಚು ಉಷ್ಣದಲ್ಲಿ ಕಡಿಮೆ ಹೊತ್ತು ಬೇಯಿಸಿದರೆ ಹೊರಗೆ ಕಂದು ಬಣ್ಣ ಬರುತ್ತದೆ, ಒಳಗೆ ತೇವ ಉಳಿಯುತ್ತದೆ. ಟರ್ಕಿ ಉಂಡೆಗೆ ಗಾಢ ಕಂದು ಬಣ್ಣ ಬರುವವರೆಗೆ ಕಾಯಬೇಡಿ. ಅಲ್ಲಲ್ಲಿ ಹೊಂಬಣ್ಣ ಕಂಡರೆ ಸಾಕು.

ಬೆಂದಿದೆಯಾ ಅಂತ ತಿಳಿಯಲು ಥರ್ಮಾಮೀಟರ್ ಒಂದೇ ನಂಬಿಕೆಯ ದಾರಿ. ಕೋಳಿ, ಟರ್ಕಿ ಯಾವುದೇ ಆಗಲಿ, ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಫ್ಯಾರನ್‌ಹೀಟ್‌ನಲ್ಲಿ 165. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಸರಿಯಾಗಿ ಬೆಂದ ಟರ್ಕಿಯೂ ಕೆಲವೊಮ್ಮೆ ಒಳಗೆ ಗುಲಾಬಿಯಾಗೇ ಕಾಣುತ್ತದೆ. ಬಿಳಿಯಾಗಿ ಕಂಡದ್ದು ಬೆಂದಿರದೇ ಇರಬಹುದು. ಅತಿ ದೊಡ್ಡ ಉಂಡೆಯ ನಡುಮಧ್ಯಕ್ಕೆ ಮುಳ್ಳು ಚುಚ್ಚಿ ನೋಡಿ. ನಾನು 71-72 ಬಂದಾಗ ಹೊರತೆಗೆಯುತ್ತೇನೆ. ಉಳಿದದ್ದನ್ನು ಕುದಿಯುವ ಸಾಸ್ ಪೂರೈಸುತ್ತದೆ, ಬಡಿಸುವ ಮುಂಚೆ 74 ಆಗಿದೆಯಾ ಅಂತ ಇನ್ನೊಮ್ಮೆ ನೋಡುತ್ತೇನೆ. ನಿಮ್ಮಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಈ ಆಟ ಬೇಡ. ಓವನ್‌ನಲ್ಲೇ 18 ನಿಮಿಷ ಬಿಟ್ಟು, ಸಾಸ್‌ನಲ್ಲಿ ಇನ್ನೂ ಐದಾರು ನಿಮಿಷ ಕುದಿಸಿ. ಗಂಜಿ ಇರುವುದರಿಂದ ಅಷ್ಟಕ್ಕೆಲ್ಲ ಒಣಗುವುದಿಲ್ಲ.

ಏರ್ ಫ್ರೈಯರ್ ಇದ್ದವರು 190 ಡಿಗ್ರಿಯಲ್ಲಿ 10ರಿಂದ 12 ನಿಮಿಷ, ಮಧ್ಯೆ ಒಮ್ಮೆ ಅಲುಗಾಡಿಸಿ. ಬಾಣಲೆಯಲ್ಲೂ ಆಗುತ್ತದೆ, ಆದರೆ ಈ ಮೆತ್ತನೆಯ ಉಂಡೆ ತಿರುಗಿಸುವಾಗ ಆಕಾರ ಕೆಡುತ್ತದೆ, ಎಣ್ಣೆಯೂ ಜಾಸ್ತಿ ಬೇಕು.

5. ಸಾಸ್

ಉಂಡೆ ಓವನ್‌ನಲ್ಲಿರುವಾಗ ಅಗಲ ಬಾಣಲೆಯಲ್ಲಿ ಬೆಣ್ಣೆ, ಎಣ್ಣೆ ಒಟ್ಟಿಗೆ ಕಾಯಿಸಿ. ನೊರೆ ಇಳಿದಾಗ ಸೇಜ್ ಎಲೆಗಳನ್ನು ಹಾಕಿ. ಎಲೆ ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತದೆ, ಒರೆಸಿ ಹಾಕಿ. ಮುಕ್ಕಾಲು ನಿಮಿಷದಲ್ಲಿ ಗರಿಗರಿ ಆಗುತ್ತವೆ. ತೆಗೆದು ಬದಿಗಿಡಿ. ಬೆಣ್ಣೆಯ ತಳದಲ್ಲಿ ಕಂದು ಚುಕ್ಕೆ ಕಾಣಿಸಿ, ಹುರಿದ ಕಾಯಿಬೀಜದ ವಾಸನೆ ಬಂದಿರುತ್ತದೆ. ಸೇಜ್‌ನ ಪರಿಮಳ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಅದಕ್ಕೇ ಅದನ್ನು ಮೊದಲು ಬೆಣ್ಣೆಗೆ ಹಾಕಿದ್ದು. ಕುಂಬಳದ ಹಳದಿ-ಕಿತ್ತಳೆ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ಕೂಡ ಹಾಗೆಯೇ, ದೇಹ ಹೀರಿಕೊಳ್ಳಲು ಸ್ವಲ್ಪ ಕೊಬ್ಬು ಜೊತೆಗಿರಬೇಕು. ಹಾಗಾಗಿ ಈ ಒಂದು ದೊಡ್ಡ ಚಮಚ ಬೆಣ್ಣೆಗೆ ಜಿಪುಣತನ ಮಾಡಬೇಡಿ.

ಅದೇ ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಐದು ನಿಮಿಷ ಬಾಡಿಸಿ. ಬೆಳ್ಳುಳ್ಳಿ ಹಾಕಿ ಅರ್ಧ ನಿಮಿಷ. ಸೇಬಿನ ರಸ ಸುರಿದು, ತಳಕ್ಕೆ ಹಿಡಿದದ್ದನ್ನು ಕೆರೆದು, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಈಗ ಕುಂಬಳದ ತಿರುಳು, ಸ್ಟಾಕ್, ಸಾಸಿವೆ ಪೇಸ್ಟ್ ಸೇರಿಸಿ. ಜಾಯಿಕಾಯಿಯನ್ನು ಆಗಲೇ ತುರಿದು ಹಾಕಿ, ನಾಲ್ಕೈದು ಉಜ್ಜು ಸಾಕು. ಚಕ್ಕೆ ಪುಡಿ ನಿಜವಾಗಿಯೂ ಚಿಟಿಕೆಯಷ್ಟೇ. ತಿನ್ನುವವರಿಗೆ ಚಕ್ಕೆ ಇದೆ ಅಂತ ಗೊತ್ತಾದರೆ ಜಾಸ್ತಿಯಾಯಿತು ಅಂತ ಲೆಕ್ಕ. ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಕುದಿಯಲಿ.

ನುಣ್ಣಗೆ ಬೇಕಿದ್ದರೆ ಮಿಕ್ಸಿಗೆ ಹಾಕಿ. ಬಿಸಿ ಸಾಸ್ ಅನ್ನು ಜಾರ್‌ನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳ ಪೂರ್ತಿ ಬಿಗಿಯಬೇಡಿ. ಒಳಗಿನ ಹಬೆ ಮುಚ್ಚಳವನ್ನು ಹಾರಿಸಿಬಿಡುತ್ತದೆ. ಗೋಡೆಯ ಮೇಲಿನ ಕಿತ್ತಳೆ ಕಲೆ ಬೇಗ ಹೋಗುವುದಿಲ್ಲ, ಕೇಳಿ ನನ್ನನ್ನು.

ಇನ್ನು ರುಚಿ ಹದ ಮಾಡುವುದು. ಕುಂಬಳ ಸಿಹಿ, ಸೇಬು ಸಿಹಿ, ಬಾಡಿದ ಈರುಳ್ಳಿಯೂ ಸಿಹಿ. ಹಾಗೇ ಬಿಟ್ಟರೆ ನಾಲ್ಕು ತುತ್ತಿಗೆ ಮುಖ ಕಟ್ಟುತ್ತದೆ. ಮೊದಲು ಒಂದು ಚಮಚ ವಿನಿಗರ್ ಹಾಕಿ ರುಚಿ ನೋಡಿ. ಆಮೇಲೆ ಇನ್ನೊಂದು. ಒಂದು ಹಂತದಲ್ಲಿ ಸಿಹಿ ಹಿಂದೆ ಸರಿದು ಕುಂಬಳದ ನಿಜವಾದ ರುಚಿ ಮುಂದೆ ಬರುವುದು ನಾಲಿಗೆಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಕಾಳುಮೆಣಸಿನ ಪುಡಿ ಧಾರಾಳವಾಗಿ ಹಾಕಿ. ಸ್ಟಾಕ್‌ನಲ್ಲಿ ಉಪ್ಪಿರುವುದರಿಂದ ಉಪ್ಪು ಎಲ್ಲಕ್ಕಿಂತ ಕೊನೆಗೆ. ಸಾಸ್ ಸಪ್ಪೆ ಅನಿಸಿದಾಗ ಕೈ ಉಪ್ಪಿನ ಕಡೆ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಬೇಕಿರುವುದು ಹುಳಿ.

ಚಮಚದ ಹಿಂಬದಿಗೆ ಸಾಸ್ ಅಂಟಿಸಿ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಬಂದಿದೆ. ಗಟ್ಟಿಯಾದರೆ ಸ್ಟಾಕ್, ತೆಳುವಾದರೆ ಇನ್ನೆರಡು ನಿಮಿಷ ಕುದಿ.

6. ಒಂದುಗೂಡಿಸಿ

ಉಂಡೆಗಳನ್ನು ಟ್ರೇಯಲ್ಲಿ ಇಳಿದ ರಸದ ಸಮೇತ ಸಾಸ್‌ಗೆ ಹಾಕಿ. ಸಣ್ಣ ಉರಿಯಲ್ಲಿ ಮೂರು ನಿಮಿಷ, ಬಾಣಲೆಯನ್ನು ಹಿಡಿದು ಅಲುಗಿಸಿ, ಸೌಟು ಬೇಡ. ಉಷ್ಣತೆ 74 ನೋಡಿಕೊಂಡು ಒಲೆ ಆರಿಸಿ.

ಮೊಸರು ಕೊನೆಗೆ, ಒಲೆ ಆರಿದ ಮೇಲೆಯೇ. ಕುದಿಯುವ ಸಾಸ್‌ಗೆ ತಣ್ಣನೆ ಮೊಸರು ಬಿದ್ದರೆ ಒಡೆದು ಚೂರುಚೂರಾಗುತ್ತದೆ. ಮೊಸರಿಗೆ ಎರಡು ಚಮಚ ಬಿಸಿ ಸಾಸ್ ಸೇರಿಸಿ ಕದಡಿ, ಆಮೇಲೆ ಅದನ್ನು ಬಾಣಲೆಗೆ ಸುರಿಯಿರಿ. ಅಕಸ್ಮಾತ್ ಒಡೆದರೂ ರುಚಿ ಕೆಡುವುದಿಲ್ಲ, ನೋಟ ಮಾತ್ರ ಕೆಡುತ್ತದೆ. ಹುರಿದ ಸೇಜ್ ಎಲೆಗಳನ್ನು ಮೇಲೆ ಪುಡಿಮಾಡಿ ಉದುರಿಸಿ.

ಅಂದಾಜು ಲೆಕ್ಕ ಹಾಕಿದರೆ ಐದು ಉಂಡೆಯ ಒಂದು ಪಾಲಿನಲ್ಲಿ ಸುಮಾರು 25 ಗ್ರಾಂ ಪ್ರೊಟೀನ್ ಸಿಗುತ್ತದೆ. ಜೊತೆಗೆ ಬೇಯಿಸಿದ ಬಾರ್ಲಿ ನನ್ನ ಮೊದಲ ಆಯ್ಕೆ, ಅದರ ಜಗಿಯುವ ಗುಣ ಈ ಮೆತ್ತನೆಯ ಸಾಸ್‌ಗೆ ಹೊಂದುತ್ತದೆ. ಪಾಸ್ತಾ, ಅನ್ನ ಕೂಡ ನಡೆಯುತ್ತವೆ. ಬದಿಯಲ್ಲಿ ಸ್ವಲ್ಪ ಕಹಿ ಇರುವ ಸೊಪ್ಪಿನ ಸಲಾಡ್ ಇದ್ದರೆ ಸಿಹಿಗೆ ಸರಿದೂಗುತ್ತದೆ.

ಬದಲಿಗಳು, ತೊಂದರೆಗಳು

ಮೊಟ್ಟೆ ಬೇಡದವರು ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ದೊಡ್ಡ ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು. ಹಾಲು-ಮೊಸರು ಬೇಡದಿದ್ದರೆ ಓಟ್ಸ್ ಹಾಲು ಬಳಸಿ, ಬೆಣ್ಣೆ ಬದಲು ಎಣ್ಣೆ ಹಾಕಿ, ಕೊನೆಯಲ್ಲಿ ನೆನೆಸಿ ರುಬ್ಬಿದ ಗೋಡಂಬಿ ಸೇರಿಸಿ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನ್ ಆಗದವರು ಗ್ಲುಟೆನ್ ಇಲ್ಲ ಅಂತ ಬರೆದಿರುವ ಓಟ್ಸ್ ಅನ್ನೇ ತರಬೇಕು, ಮಾಮೂಲಿ ಓಟ್ಸ್‌ನಲ್ಲಿ ಗೋಧಿ ಬೆರೆತಿರುವ ಸಾಧ್ಯತೆ ಇದೆ. ಅವರು ಬಾರ್ಲಿಯನ್ನೂ ಬಿಡಬೇಕು. ತಾಜಾ ಸೇಜ್ ಸಿಗದಿದ್ದರೆ ಒಣಗಿದ್ದು ಅರ್ಧ ಚಮಚ, ಈರುಳ್ಳಿ ಜೊತೆ ಹಾಕಿ. ಗರಿಗರಿ ಎಲೆ ಸಿಗುವುದಿಲ್ಲ ಅಷ್ಟೇ.

ಉಂಡೆ ಓವನ್‌ನಲ್ಲಿ ಚಪ್ಪಟೆಯಾದರೆ ಮಿಶ್ರಣ ಸಾಕಷ್ಟು ತಣ್ಣಗಿರಲಿಲ್ಲ ಅಂತ ಅರ್ಥ. ಮೇಲೆ ಬಿಳಿ ನೊರೆಯಂಥದ್ದು ಒಸರಿದರೆ ಗಾಬರಿ ಬೇಡ, ಅದು ಹೊರಬಂದು ಗಟ್ಟಿಯಾದ ಪ್ರೊಟೀನ್. ಒರೆಸಿ ಸಾಸ್‌ಗೆ ಹಾಕಿ.

ಉಳಿದರೆ

ಬೆಂದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಅಲ್ಲಿ ಮೂರರಿಂದ ನಾಲ್ಕು ದಿನ. ಮರುದಿನ ಸಾಸ್ ಗಟ್ಟಿಯಾಗಿರುತ್ತದೆ, ಸ್ವಲ್ಪ ನೀರು ಸೇರಿಸಿ ಮತ್ತೆ 74 ಡಿಗ್ರಿಯವರೆಗೆ ಬಿಸಿ ಮಾಡಿ. ಮೊಸರು ಹಾಕಿದ ಸಾಸ್ ಅನ್ನು ಕುದಿಸದೆ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಬೇಕು. ಫ್ರೀಜ್ ಮಾಡುವುದಾದರೆ ಉಂಡೆಗಳನ್ನು ಆರಿಸಿ, ಟ್ರೇಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ಎರಡು-ಮೂರು ತಿಂಗಳು ಚೆನ್ನಾಗಿರುತ್ತವೆ. ಸಾಸ್ ಅನ್ನು ಮೊಸರು ಹಾಕುವ ಮುಂಚೆಯೇ ಬೇರೆ ಡಬ್ಬಿಗೆ ತೆಗೆದಿಡಿ, ಮೊಸರು ಫ್ರೀಜರ್‌ನಲ್ಲಿ ಬಿಡಿಬಿಡಿಯಾಗುತ್ತದೆ.

ಈಗ ಆ ಬೀಜ. ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಸವರಿ. ಉಂಡೆ ತೆಗೆದ ಓವನ್ 160 ಡಿಗ್ರಿಗೆ ಇಳಿದಾಗ ಒಳಗಿಟ್ಟು 15ರಿಂದ 20 ನಿಮಿಷ ಹುರಿಯಿರಿ. ಬಡಿಸುವಾಗ ಸಾಸ್ ಮೇಲೆ ಉದುರಿಸಿ. ನಮ್ಮಲ್ಲಿ ತಟ್ಟೆಗೆ ಬರುವ ಹೊತ್ತಿಗೆ ಅರ್ಧ ಬೀಜ ಅಡುಗೆಮನೆಯಲ್ಲೇ ಖಾಲಿಯಾಗಿರುತ್ತದೆ.